ದಾಯಾದಿಗಳ ನಡುವೆ ಸ್ಲೊವೇನರು

2007ರ ಜನವರಿ 1ರಂದು ಸ್ಲೊವೇನಿಯಾ ತನ್ನ ಹಳೆಯ ಹಣವಾದ ತೋಲಾರ್ ಬಿಟ್ಟು ಯೂರೋ ಚಲಾವಣೆಗೆ ತಂದಿತು. ಯೂರೋ ನಾಣ್ಯದ ಒಂದು ಮಗ್ಗುಲು ಎಲ್ಲ ದೇಶಗಳಿಗೂ ಒಂದೇ. ಇನ್ನೊಂದು ಮಗ್ಗುಲಲ್ಲಿ ಆಯಾ ದೇಶ ತನಗೆ ಬೇಕಾದ ಚಿತ್ರ ಹಾಕಿಸಿಕೊಳ್ಳಬಹುದು. ಸ್ಲೊವೇನರು ಆರಿಸಿಕೊಂಡ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಬೇಕು. ಎರಡು ಯೂರೋ ಮೇಲೆ ಕವಿ ಫ್ರಾನ್ಸೆ ಪ್ರೆಶೆರೆನ್. ಒಂದು ಯೂರೋ ಮೇಲೆ ಸ್ಲೊವೇನ್ ಭಾಷೆಯ ಮೊದಲ ಪುಸ್ತಕ ಅಚ್ಚು ಹಾಕಿಸಿದ ಪಾದ್ರಿ ಪ್ರಿಮೋಜ್ ತ್ರುಬಾರ್. ಐವತ್ತು ಸೆಂಟಿನ ಮೇಲೆ ತ್ರಿಗ್ಲಾವ್ ಶಿಖರ. ಹತ್ತು ಸೆಂಟಿನ ಮೇಲೆ ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ ರೂಪಿಸಿದ ಸಂಸತ್ ಭವನ. ಅದು ನಕ್ಷೆಯಲ್ಲೇ ಉಳಿಯಿತು, ಯಾರೂ ಕಟ್ಟಲಿಲ್ಲ. ಎರಡು ಸೆಂಟಿನ ಮೇಲೆ ಒಂದು ಕಲ್ಲು. ಆ ಕಲ್ಲಾದರೂ ಇರುವುದು ಸ್ಲೊವೇನಿಯಾದಲ್ಲಲ್ಲ, ಗಡಿಯಾಚೆ ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್ ನಗರದಲ್ಲಿ. ನಾಣ್ಯದ ಸುದ್ದಿ ಹೊರಬಿದ್ದಾಗ ಅಲ್ಲಿನ ಕರಿಂಥಿಯಾ ಪ್ರಾಂತ್ಯದ ರಾಜಕಾರಣಿಗಳು ತಕರಾರು ತೆಗೆದರು. ನಮ್ಮ ಕಲ್ಲಿಗೆ ನಿಮ್ಮ ನಾಣ್ಯದಲ್ಲೇನು ಕೆಲಸ?

ಕವಿ, ಪಾದ್ರಿ, ಕಟ್ಟದೇ ಉಳಿದ ಸಂಸತ್ತು, ಪರದೇಶದ ಕಲ್ಲು. ಪಟ್ಟಿಯಲ್ಲಿ ರಾಜನೂ ಇಲ್ಲ, ಗೆದ್ದ ಯುದ್ಧವೂ ಇಲ್ಲ. ಸುಮಾರು 21 ಲಕ್ಷ ಜನರ ದೇಶ ಇದು. ನಮ್ಮ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಅದರ ಎರಡರಷ್ಟಕ್ಕೂ ಹೆಚ್ಚು. ಉತ್ತರಕ್ಕೆ ಜರ್ಮನ್, ಪಶ್ಚಿಮಕ್ಕೆ ಇಟಾಲಿಯನ್, ಪೂರ್ವಕ್ಕೆ ಹಂಗೇರಿಯನ್, ದಕ್ಷಿಣಕ್ಕೆ ತಮ್ಮಂತೆಯೇ ಸ್ಲಾವರಾದ ಕ್ರೊಯೇಷಿಯನ್ನರು. ಇಷ್ಟು ಸಣ್ಣ ಜನಸಮುದಾಯ ಕರಗಿಹೋಗದೆ ಉಳಿದದ್ದು ಹೇಗೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಸಾವಿರ ವರ್ಷ ಜರ್ಮನ್ ಯಜಮಾನಿಕೆಯ ಕೆಳಗೆ ಭಾಷೆಯನ್ನು ಜೋಪಾನ ಮಾಡಿದರು, ಭಾಷೆ ಅವರನ್ನು ಜೋಪಾನ ಮಾಡಿತು. ಕೇಳಲು ಚೆನ್ನಾಗಿದೆ, ಅರ್ಧ ನಿಜವೂ ಹೌದು. ಆದರೆ ಈ ಉತ್ತರದಲ್ಲಿ ಶತ್ರು ಮಾತ್ರ ಇದ್ದಾನೆ, ನೆಂಟ ಇಲ್ಲ. ಸ್ಲೊವೇನರ ಇತಿಹಾಸದಲ್ಲಿ ಜರ್ಮನ್ನರನ್ನು ಎದುರಿಸುವುದಕ್ಕಿಂತ ಕಷ್ಟದ್ದಾಗಿದ್ದದ್ದು ಸ್ಲಾವ್ ಸೋದರರು ಪ್ರೀತಿಯಿಂದಲೇ ಚಾಚಿದ ಕೈಯನ್ನು ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ. ಅವರು ಒಂದು ಪ್ರತ್ಯೇಕ ಜನವಾಗಿ ರೂಪುಗೊಂಡದ್ದು ಈ ಲೆಕ್ಕಾಚಾರದಲ್ಲಿ ಎಂಬುದು ನನ್ನ ವಾದ.

ಮೊದಲು ಕಲ್ಲಿನ ಕಥೆ ಮುಗಿಸೋಣ. ಆರನೆಯ ಶತಮಾನದ ಕೊನೆಯ ಹೊತ್ತಿಗೆ ಸ್ಲಾವ್ ಗುಂಪುಗಳು ಪೂರ್ವ ಆಲ್ಪ್ಸ್ ಕಣಿವೆಗಳಲ್ಲಿ ನೆಲೆಸಿದವು. ಏಳನೆಯ ಶತಮಾನದಲ್ಲಿ ಅಲ್ಲಿ ಕರಂತಾನಿಯಾ ಎಂಬ ಸಂಸ್ಥಾನ ತಲೆಯೆತ್ತಿತು. ಮುಂದೆ ಅದು ಬವೇರಿಯನ್ನರ, ಫ್ರಾಂಕರ ಅಧೀನಕ್ಕೆ ಹೋಯಿತು. ಆದರೂ ಅಲ್ಲಿನ ಡ್ಯೂಕನಿಗೆ ಪಟ್ಟ ಕಟ್ಟುವ ಆಚರಣೆ ಮಾತ್ರ ಶತಮಾನಗಳ ಕಾಲ ಉಳಿಯಿತು. ರೋಮನ್ ಕಂಬವೊಂದರ ಬುಡವನ್ನು ಬೋರಲು ಹಾಕಿ ಮಾಡಿದ ಪೀಠದ ಮೇಲೆ, ಅಂದರೆ ನಾಣ್ಯದಲ್ಲಿರುವ ಅದೇ ಕಲ್ಲಿನ ಮೇಲೆ, ಒಬ್ಬ ಸ್ವತಂತ್ರ ರೈತ ಕೂತಿರುತ್ತಾನೆ. ಡ್ಯೂಕನಾಗುವವನು ರೈತನ ಉಡುಪು ತೊಟ್ಟು, ಎತ್ತು ಕುದುರೆ ಹಿಡಿಸಿಕೊಂಡು ಬರುತ್ತಾನೆ. ಬರುತ್ತಿರುವವನು ಯಾರು, ನ್ಯಾಯವಂತನೇ, ನಾಡಿನ ಹಿತ ಕಾಯುವವನೇ ಎಂದು ರೈತ ಸ್ಲಾವ್ ಮಾತಿನಲ್ಲಿ ಪ್ರಶ್ನೆ ಹಾಕುತ್ತಾನೆ. ಜನ ಹೌದೆನ್ನುತ್ತಾರೆ. ರೈತ ಅವನ ಕೆನ್ನೆಗೆ ಮೆಲ್ಲಗೊಂದು ಏಟು ಕೊಟ್ಟು, ಎದ್ದು ಜಾಗ ಬಿಡುತ್ತಾನೆ. ಹ್ಯಾಬ್ಸ್‌ಬರ್ಗ್ ವಂಶದ ಎರ್ನ್‌ಸ್ಟ್ 1414ರಲ್ಲಿ ಹೀಗೆ ಪಟ್ಟಕ್ಕೆ ಬಂದದ್ದೇ ಕೊನೆ.

ಇಂಥ ದೃಶ್ಯ ಸಿಕ್ಕರೆ ಯಾವ ರಾಷ್ಟ್ರವಾದಿ ಬಿಟ್ಟಾನು? ಫ್ರೆಂಚ್ ಚಿಂತಕ ಜಾನ್ ಬೋದಾನ್ 1576ರ ತನ್ನ ಗ್ರಂಥದಲ್ಲಿ ಈ ಆಚರಣೆಯನ್ನು ಪ್ರಸ್ತಾಪಿಸಿದ್ದ. ಥಾಮಸ್ ಜೆಫರ್ಸನ್ ಬಳಿ ಆ ಗ್ರಂಥದ ಪ್ರತಿ ಇತ್ತು, ಆ ಪುಟದಲ್ಲಿ ಅವನ ಗುರುತೂ ಇದೆ ಎಂಬ ಎಳೆ ಹಿಡಿದು, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸ್ಲೊವೇನ್ ರೈತನೇ ಪ್ರೇರಣೆ ಎನ್ನುವವರೆಗೂ ಕೆಲವರು ಹೋದರು. ಪುಸ್ತಕದಂಚಿನ ಒಂದು ಗುರುತಿನ ಮೇಲೆ ಅಷ್ಟು ದೊಡ್ಡ ಭಾರ ಹೇರಲಾಗದು. ಮಧ್ಯಯುಗದ ಇತಿಹಾಸಕಾರ ಪೀಟರ್ ಶ್ತಿಹ್ ಹೇಳುವಂತೆ ಕರಂತಾನರನ್ನು ಇಂದಿನ ಸ್ಲೊವೇನರೆಂದು ಕರೆಯುವುದೇ ಕಾಲದೋಷ. ಆಗ ಇದ್ದದ್ದು ಒಂದು ಸಂಸ್ಥಾನದ ಪ್ರಜೆಗಳು. ಭಾಷೆಯ ಮೇಲೆ ಕಟ್ಟಿಕೊಂಡ ರಾಷ್ಟ್ರವಲ್ಲ.

ಇನ್ನೂ ದೂರ ಹೋದವರಿದ್ದಾರೆ. ಯುಗೊಸ್ಲಾವಿಯಾ ಬಿರುಕು ಬಿಡುತ್ತಿದ್ದ 1980ರ ದಶಕದಲ್ಲಿ ಯೋಷ್ಕೊ ಶಾವ್ಲಿ, ಕವಿ ಮತೇಯ್ ಬೋರ್, ಇವಾನ್ ತೊಮಾಜಿಚ್ ಸೇರಿ ಹೊಸ ವಾದ ಹೂಡಿದರು. ಸ್ಲೊವೇನರು ಆರನೆಯ ಶತಮಾನದಲ್ಲಿ ವಲಸೆ ಬಂದವರೇ ಅಲ್ಲ, ರೋಮನ್ನರಿಗೂ ಮೊದಲು ಅಲ್ಲಿದ್ದ ವೆನೆತಿ ಜನಾಂಗದ ಸಂತತಿ ಎಂದರು. ಎರಡು ಸಾವಿರ ವರ್ಷ ಹಿಂದಿನ ವೆನೆತಿಕ್ ಶಾಸನಗಳನ್ನು ಇಂದಿನ ಸ್ಲೊವೇನ್ ಉಪಭಾಷೆಗಳ ಸಹಾಯದಿಂದ ಓದಿ ತೋರಿಸಿದರು. ಭಾಷಾವಿಜ್ಞಾನಿಗಳು ಇದನ್ನು ಸಾರಾಸಗಟಾಗಿ ತಳ್ಳಿಹಾಕಿದರು, ಜನ ಮಾತ್ರ ಕಿವಿಗೊಟ್ಟರು. ಈ ವಾದದ ಆಸೆ ಏನಿತ್ತೆಂಬುದನ್ನು ಗಮನಿಸಬೇಕು. ಬೆಲ್‌ಗ್ರೇಡಿನ ಸೋದರರಿಂದ ದೂರ ಸರಿಯಬೇಕಿದ್ದಾಗ, ಸೋದರಿಕೆಯನ್ನೇ ರದ್ದು ಮಾಡಿಬಿಟ್ಟರೆ ಹೇಗೆ? ದಾಯಾದಿ ವ್ಯಾಜ್ಯ ಬಗೆಹರಿಯದಿದ್ದಾಗ ವಂಶವೃಕ್ಷವನ್ನೇ ಹರಿದುಹಾಕುವ ಉಪಾಯ ಇದು. ಅಗತ್ಯವೇ ಇರಲಿಲ್ಲ. ಸ್ಲಾವರಾಗಿದ್ದುಕೊಂಡೇ ಬೇರೆಯಾಗಿರುವ ದಾರಿಯನ್ನು ಅವರ ಹಿರಿಯರು ಆಗಲೇ ಕಂಡುಕೊಂಡಿದ್ದರು.

ಆ ದಾರಿಯಲ್ಲಿ ಮೊದಲ ಹೆಸರು ತ್ರುಬಾರ್. ಸ್ಲೊವೇನ್ ಬರಹ ಅವನಿಗಿಂತ ಹಳೆಯದು. ಕ್ರಿ.ಶ. 1000ದ ಆಸುಪಾಸಿನ ಫ್ರೈಸಿಂಗ್ ಹಸ್ತಪ್ರತಿಗಳು, ಲ್ಯಾಟಿನ್ ಲಿಪಿಯಲ್ಲಿ ಸಿಕ್ಕಿರುವ ಯಾವುದೇ ಸ್ಲಾವ್ ಭಾಷೆಯ ಅತಿ ಹಳೆಯ ಪಠ್ಯಗಳು, ಈಗ ಮ್ಯೂನಿಕ್‌ನಲ್ಲಿವೆ. ಆದರೆ ಅವು ಪಾದ್ರಿಯ ಕೈಪಿಡಿಯ ಪುಟಗಳು. ಓದುಗರನ್ನು ಸ್ಲೊವೇನರೇ ಎಂದು ಕರೆದು ಪುಸ್ತಕ ಕೊಟ್ಟವನು ತ್ರುಬಾರ್. ಊರು ಬಿಟ್ಟು ಓಡಿಹೋಗಿ ಜರ್ಮನಿ ಸೇರಿದ್ದ ಈ ಪ್ರೊಟೆಸ್ಟಂಟ್ ಪಾದ್ರಿ 1550ರಲ್ಲಿ ಒಂದು ಧರ್ಮಪ್ರಶ್ನೋತ್ತರಿ ಮತ್ತು ಒಂದು ಅಕ್ಷರಮಾಲೆಯನ್ನು ಟ್ಯೂಬಿಂಗೆನ್‌ನಲ್ಲಿ ಅಚ್ಚು ಹಾಕಿಸಿದ. ಮುಖಪುಟದ ಮೇಲೆ ಟ್ರಾನ್ಸಿಲ್ವೇನಿಯಾ ಎಂದು ಸುಳ್ಳು ವಿಳಾಸ, ಮುದ್ರಕನದ್ದೂ ಸುಳ್ಳು ಹೆಸರು. ಅಕ್ಷರ ಜರ್ಮನ್ನರ ಗಾಥಿಕ್. ಐದು ವರ್ಷದ ನಂತರ ಲ್ಯಾಟಿನ್ನಿಗೆ ಬದಲಾಯಿಸಿದ. 1584ರಲ್ಲಿ ಯೂರಿ ದಲ್ಮಾತಿನ್‌ನ ಪೂರ್ಣ ಬೈಬಲ್ ವಿಟ್ಟೆನ್‌ಬರ್ಗ್‌ನಲ್ಲಿ ಅಚ್ಚಾಯಿತು. ಅದೇ ವರ್ಷ ಆದಂ ಬೋಹೊರಿಚ್‌ನ ವ್ಯಾಕರಣವೂ ಬಂತು. ಕ್ಯಾಥೊಲಿಕ್ ಪ್ರತಿಸುಧಾರಣೆ ಬಂದು ಪ್ರೊಟೆಸ್ಟಂಟ್ ಪುಸ್ತಕಗಳನ್ನು ಬೆಂಕಿಗೆ ಹಾಕಿದಾಗಲೂ ದಲ್ಮಾತಿನ್ ಬೈಬಲ್ಲನ್ನು ಮಾತ್ರ ಕ್ಯಾಥೊಲಿಕ್ ಪಾದ್ರಿಗಳು ಅನುಮತಿ ಪಡೆದು ಬಳಸಿದರು. ಪ್ರವಚನ ಹೇಳಲು ಬೇರೆ ಗತಿಯಿರಲಿಲ್ಲ. ಇಂದು ಕ್ಯಾಥೊಲಿಕ್ಕರೇ ಹೆಚ್ಚಿರುವ ಈ ದೇಶ ಅಕ್ಟೋಬರ್ 31ರ ಸುಧಾರಣಾ ದಿನಕ್ಕೆ ಸರ್ಕಾರಿ ರಜೆ ಕೊಡುತ್ತದೆ.

ನೆಂಟರ ಪ್ರಶ್ನೆ ನಿಜವಾಗಿ ಎದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಸ್ಲೊವೇನರೆಲ್ಲ ಒಂದೇ ಪ್ರಾಂತ್ಯದಲ್ಲಿರಲಿಲ್ಲ. ಕಾರ್ನಿಯೋಲಾ, ಸ್ತಿರಿಯಾ, ಕರಿಂಥಿಯಾ, ಗೊರಿಜಿಯಾ, ತ್ರಿಯೆಸ್ತ್, ಇಸ್ತ್ರಿಯಾಗಳಲ್ಲಿ ಚದುರಿದ್ದರು. ಪ್ರೆಕ್ಮೂರ್ಯೆಯವರು ಹಂಗೇರಿಯ ಪಾಲು. ಕಣಿವೆಗೊಂದು ಮಾತು, ಏಳು ಉಪಭಾಷಾ ಗುಂಪುಗಳು. ವಿಚಿತ್ರವೆಂದರೆ, ಸ್ಲಾವ್ ಭಾಷೆಗಳ ಒಟ್ಟು ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಇಬ್ಬರು ಈ ಹರಿದು ಹಂಚಿಹೋದ ಜನದವರೇ. ಯೆರ್ನೆಯ್ ಕೋಪಿತಾರ್ ಸ್ಲೊವೇನ್ ವ್ಯಾಕರಣ ಬರೆದ, ಮುಂದೆ ವಿಯೆನ್ನಾದ ಗ್ರಂಥಾಲಯದಲ್ಲಿ ಕೆಲಸ ಮಾಡಿದ. ಸರ್ಬಿಯನ್ ಭಾಷೆಯನ್ನು ಸುಧಾರಿಸಿದ ವುಕ್ ಕರಾಜಿಚ್‌ಗೆ ಬೆನ್ನೆಲುಬಾಗಿ ನಿಂತ. ಅವನ ಶಿಷ್ಯ ಫ್ರಾನ್ ಮಿಕ್ಲೋಶಿಚ್ ಸ್ಲಾವ್ ಭಾಷೆಗಳ ತೌಲನಿಕ ವ್ಯಾಕರಣವನ್ನು ನಾಲ್ಕು ಸಂಪುಟಗಳಲ್ಲಿ ಕಟ್ಟಿದ. ಸ್ಲಾವ್ ಕುಟುಂಬದ ವಂಶಾವಳಿ ಬರೆದವರು ಇವರು. ಅದೇ ಕಾಲಕ್ಕೆ ಆ ಕುಟುಂಬದ ಹಿರಿಯರು ಸ್ಲೊವೇನ್ ಭಾಷೆಗೆ ಬೇರೆ ಮನೆ ಬೇಡವೆಂದು ತೀರ್ಮಾನಿಸುತ್ತಿದ್ದರು. ಸ್ಲೊವಾಕ್ ಮೂಲದ ಕವಿ ಯಾನ್ ಕೊಲ್ಲಾರ್ 1836ರ ಸುಮಾರಿಗೆ ಮಂಡಿಸಿದ ಯೋಜನೆಯಲ್ಲಿ ಸ್ಲಾವರಿಗೆಲ್ಲ ನಾಲ್ಕು ಸಾಹಿತ್ಯ ಭಾಷೆಗಳು ಸಾಕು: ರಷ್ಯನ್, ಪೋಲಿಷ್, ಜೆಕ್, ಇಲ್ಲಿರಿಯನ್. ದಕ್ಷಿಣದ ಸ್ಲಾವರೆಲ್ಲ ಕೊನೆಯದಕ್ಕೆ ಸೇರಿಕೊಳ್ಳಬೇಕು. ಜಾಗ್ರೆಬ್‌ನಲ್ಲಿ ಲ್ಯುದೆವಿತ್ ಗಾಯ್ ಈ ಇಲ್ಲಿರಿಯನ್ ಚಳವಳಿಯ ಮುಂದಾಳು.

ಇದು ದುರುದ್ದೇಶದ ಆಹ್ವಾನವಾಗಿರಲಿಲ್ಲ. ವಾದದಲ್ಲಿ ಹುರುಳಿತ್ತು. ಹತ್ತು ಲಕ್ಷದಷ್ಟು ಜನ, ಅದರಲ್ಲೂ ಹೆಚ್ಚಿನವರು ರೈತರು. ನಗರಗಳ ಭಾಷೆ ಜರ್ಮನ್. ಇಷ್ಟು ಸಣ್ಣ ಓದುಗವರ್ಗಕ್ಕೆ ಬೇರೆ ಪತ್ರಿಕೆ, ಬೇರೆ ಪಠ್ಯ, ಬೇರೆ ಕಾವ್ಯ ಎಂದರೆ ಜರ್ಮನ್ನಿನ ಬಾಯಿಗೆ ತುತ್ತಾಗುವುದೇ ಸರಿ ಎಂದು ಸ್ತಿರಿಯಾದ ಯುವಕವಿ ಸ್ತಾಂಕೊ ವ್ರಾಜ್ ನಂಬಿದ. ಹುಟ್ಟಿನಿಂದ ಸ್ಲೊವೇನನಾದ ಇವನು ಜಾಗ್ರೆಬ್ ಸೇರಿ ಇಲ್ಲಿರಿಯನ್‌ನಲ್ಲಿ ಬರೆಯತೊಡಗಿದ. 1839ರಲ್ಲಿ ತನ್ನ ಸೀಮೆಯ ಸ್ಲೊವೇನ್ ಜನಪದ ಹಾಡುಗಳನ್ನೇ ಸಂಗ್ರಹಿಸಿ ಇಲ್ಲಿರಿಯನ್ ಹಾಡುಗಳೆಂಬ ಹೆಸರಲ್ಲಿ ಪ್ರಕಟಿಸಿದ. ಇಂದು ಅವನಿಗೆ ಸ್ಥಾನವಿರುವುದು ಕ್ರೊಯೇಷಿಯನ್ ಸಾಹಿತ್ಯ ಚರಿತ್ರೆಯಲ್ಲಿ. ಅವನು ದ್ರೋಹಿ ಎಂದು ನನಗೆ ಅನ್ನಿಸುವುದಿಲ್ಲ. ಲೆಕ್ಕ ಹಾಕಿದ, ಲೆಕ್ಕ ಒಪ್ಪುವಂತೆಯೇ ಇತ್ತು.

ಅವನೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ ಪ್ರೆಶೆರೆನ್ ಆ ಲೆಕ್ಕವನ್ನು ಒಪ್ಪಲಿಲ್ಲ. ಪ್ರೆಶೆರೆನ್ ಲ್ಯುಬ್ಲ್ಯಾನಾದ ವಕೀಲರ ಕಚೇರಿಯೊಂದರಲ್ಲಿ ದುಡಿಯುತ್ತಿದ್ದವನು. ಸ್ವತಂತ್ರ ವಕೀಲಿಗೆ ಮತ್ತೆ ಮತ್ತೆ ಅರ್ಜಿ ಹಾಕಿ, ಅನುಮತಿ ಸಿಕ್ಕಾಗ ಬದುಕು ಮುಗಿಯುತ್ತ ಬಂದಿತ್ತು. ಜರ್ಮನ್‌ನಲ್ಲೂ ಒಳ್ಳೆಯ ಕವಿತೆ ಬರೆಯಬಲ್ಲವನಾಗಿದ್ದ. ಅವನ ಉತ್ತರ ವಾದದಲ್ಲಿಲ್ಲ, ಕಸುಬಿನಲ್ಲಿದೆ. ರೈತರ ಮಾತೆಂದು ಪಟ್ಟಣಿಗರು ಮೂಗು ಮುರಿಯುತ್ತಿದ್ದ ಭಾಷೆಯಲ್ಲಿ ಪೆತ್ರಾರ್ಕನ ಸಾನೆಟ್ಟು, ಗಜಲ್, ಇಟಲಿಯ ಅಷ್ಟಪದಿ ಎಲ್ಲವನ್ನೂ ಬರೆದು ತೋರಿಸಿದ. 1834ರಲ್ಲಿ ಹೊರತಂದ ಸಾನೆಟ್ ಮಾಲೆಯ ರಚನೆ ನೋಡಿ: ಹದಿನೈದು ಸಾನೆಟ್ಟುಗಳು, ಒಂದರ ಕೊನೆಯ ಸಾಲು ಮುಂದಿನದರ ಮೊದಲ ಸಾಲು, ಹದಿನಾಲ್ಕು ಸಾನೆಟ್ಟುಗಳ ಮೊದಲ ಸಾಲುಗಳು ಸೇರಿ ಹದಿನೈದನೆಯದು, ಅದರ ಸಾಲುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಅವನು ಪ್ರೀತಿಸಿದ ಶ್ರೀಮಂತ ವ್ಯಾಪಾರಿಯ ಮಗಳು ಯೂಲಿಯಾ ಪ್ರಿಮಿತ್ಸ್‌ಳ ಹೆಸರು. ಹುಡುಗಿಯ ಮನೆಯವರಿಗೆ ಇದು ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಆದರೆ ಇಂಥ ಕಟ್ಟುನಿಟ್ಟಿನ ಕೆಲಸ ಹೊರಬಲ್ಲ ಭಾಷೆಯನ್ನು ಇನ್ನೊಂದರ ಉಪಭಾಷೆ ಎನ್ನುವುದು ಆಮೇಲೆ ಸುಲಭವಾಗಿ ಉಳಿಯಲಿಲ್ಲ.

ಸೋದರಿಕೆಯನ್ನೇ ಅವನು ತಿರಸ್ಕರಿಸಿದನೆಂದು ತಿಳಿಯಬಾರದು. 1844ರಲ್ಲಿ ಬರೆದ ಅವನ ಪಾನಗೀತೆ ಸ್ಲಾವರ ಒಗ್ಗಟ್ಟನ್ನು ಹಾರೈಸುತ್ತದೆ, ಆ ಹಾರೈಕೆಯನ್ನು ಎಲ್ಲ ಜನಾಂಗಗಳಿಗೂ ಚಾಚುತ್ತದೆ. ಅದರ ಒಂದು ಪದ್ಯಕ್ಕೆ ವಿಯೆನ್ನಾದ ಸೆನ್ಸಾರ್ ಕತ್ತರಿ ಹಾಕಿದಾಗ ಪ್ರೆಶೆರೆನ್ ಇಡೀ ಕವಿತೆಯನ್ನೇ ತನ್ನ ಸಂಕಲನದಿಂದ ತೆಗೆದುಬಿಟ್ಟ. ಕತ್ತರಿ ಹಿಡಿದಿದ್ದ ಸೆನ್ಸಾರ್ ಬೇರಾರೂ ಅಲ್ಲ, ಸ್ಲೊವೇನನೇ ಆದ ಮಿಕ್ಲೋಶಿಚ್. ಕವಿತೆ ಬೆಳಕು ಕಂಡದ್ದು 1848ರಲ್ಲಿ, ಸೆನ್ಸಾರ್ ಕುಸಿದ ಮೇಲೆ. ಅದರ ಏಳನೆಯ ಪದ್ಯವೇ ಇಂದಿನ ರಾಷ್ಟ್ರಗೀತೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಇಲ್ಲಿರಿಯನ್ ಭಾಷೆ ಬೇಡವೆಂದ ಸ್ಲೊವೇನರು 1840ರ ದಶಕದಲ್ಲಿ ಗಾಯ್‌ನ ಲಿಪಿಯನ್ನು ಮಾತ್ರ ತೆಗೆದುಕೊಂಡರು. ಅದಕ್ಕೆ ಮೊದಲು ಯಾವ ಅಕ್ಷರ ಬಳಸಬೇಕೆಂದು ಅವರೊಳಗೇ ದೊಡ್ಡ ಜಗಳವಾಗಿತ್ತು. ಮೆತೆಲ್ಕೊ ಎಂಬವನು ಸಿರಿಲಿಕ್ ಅಕ್ಷರಗಳನ್ನು ಬೆರೆಸಿ ರೂಪಿಸಿದ ಹೊಸ ಲಿಪಿಯನ್ನು ಪ್ರೆಶೆರೆನ್ ಮತ್ತು ಅವನ ಗೆಳೆಯ ಮತೀಯಾ ಚೋಪ್ ಗೇಲಿ ಮಾಡಿ ಹೊಡೆದುಹಾಕಿದ್ದರು. ಕೊನೆಗೆ ಜಾಗ್ರೆಬ್‌ನಿಂದ ಬಂದ ಲಿಪಿ ಎಲ್ಲರಿಗೂ ಒಪ್ಪಿಗೆಯಾಯಿತು. ನೆಂಟರಿಂದ ಏನು ಪಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕವಿಯೊಬ್ಬನಿಂದ ಜನಾಂಗ ಉಳಿಯುತ್ತದೆಯೇ? ಸ್ಲೊವೇನರು ಪ್ರೆಶೆರೆನ್ ತೀರಿಕೊಂಡ ಫೆಬ್ರವರಿ 8ನ್ನು ಸಾಂಸ್ಕೃತಿಕ ಹಬ್ಬವಾಗಿ ಆಚರಿಸುವುದನ್ನು ನೋಡಿದರೆ ಹೌದೆನ್ನಿಸಬಹುದು. ನಾನು ಅಷ್ಟು ಒಪ್ಪಲಾರೆ. ಅವನ ಸಂಕಲನ ಅವನ ಕಾಲದಲ್ಲಿ ಹೆಚ್ಚು ಮಾರಾಟವಾಗಲೇ ಇಲ್ಲ. ಹಳ್ಳಿಯ ಮನೆಗೆ ಸ್ಲೊವೇನ್ ಅಕ್ಷರ ತಲುಪಿಸಿದ್ದು ಬಿಷಪ್ ಸ್ಲೊಮ್‌ಶೆಕ್ 1851ರಲ್ಲಿ ಶುರುಮಾಡಿಸಿದ ಮೊಹೊರ್ ಸಂಘದಂಥ ಸಪ್ಪೆ ಸಂಸ್ಥೆಗಳು. ವರ್ಷಕ್ಕೊಮ್ಮೆ ಅಲ್ಪ ಚಂದಾ ಕೊಟ್ಟರೆ ಪಂಚಾಂಗ, ಪ್ರಾರ್ಥನೆ ಪುಸ್ತಕ, ಕೃಷಿ ಸಲಹೆ, ಒಂದೆರಡು ಕಥೆ ಮನೆಗೆ ಬರುತ್ತಿದ್ದವು. ಹತ್ತಾರು ಸಾವಿರ ಕುಟುಂಬಗಳು ಸದಸ್ಯರಾಗಿದ್ದವು. ವಾಚನ ಸಂಘಗಳು ಬಂದವು, ಪಾದ್ರಿ ಕ್ರೆಕ್ ಕಟ್ಟಿದ ಸಹಕಾರಿ ಸಾಲ ಸಂಘಗಳು ಬಂದವು. ಪರ್ವತದಲ್ಲೂ ಪೈಪೋಟಿ ನಡೆಯಿತು. ತ್ರಿಗ್ಲಾವ್ ಮೇಲೆ ಜರ್ಮನ್ ಆರೋಹಣ ಸಂಘದ ಫಲಕಗಳೇ ತುಂಬುತ್ತಿದ್ದುದನ್ನು ಕಂಡು ದೋವ್ಯೆ ಊರಿನ ಪಾದ್ರಿ ಯಾಕೊಬ್ ಅಲ್ಯಾಜ್ 1895ರಲ್ಲಿ ಶಿಖರದ ತುದಿಯ ಗೇಣು ನೆಲವನ್ನು ಊರ ಪಂಚಾಯಿತಿಯಿಂದ ಕ್ರಯಕ್ಕೆ ಪಡೆದ. ಅಲ್ಲಿ ನಾಲ್ಕಾರು ಜನ ಒತ್ತಿಕೊಂಡು ನಿಲ್ಲಬಹುದಾದ ತಗಡಿನ ಗೋಪುರವೊಂದನ್ನು ನಿಲ್ಲಿಸಿದ. 2864 ಮೀಟರ್ ಎತ್ತರದಲ್ಲಿ ಅದು ಈಗಲೂ ಇದೆ.

ಭಾಷೆಯೇ ಸಾಕೆಂಬ ನಂಬಿಕೆಗೆ ಕಟುವಾದ ಉತ್ತರ ಬಂದದ್ದು 1920ರಲ್ಲಿ. ಮೊದಲ ಮಹಾಯುದ್ಧ ಮುಗಿದು ಸ್ಲೊವೇನರು ಸರ್ಬರು, ಕ್ರೊಯೇಟರ ಜೊತೆ ಮುಂದೆ ಯುಗೊಸ್ಲಾವಿಯಾ ಎನ್ನಿಸಿಕೊಂಡ ಒಂದೇ ರಾಜ್ಯಕ್ಕೆ ಸೇರಿದ್ದರು. ಕರಿಂಥಿಯಾದ ದಕ್ಷಿಣ ಭಾಗ ಎತ್ತ ಹೋಗಬೇಕೆಂದು ಅಕ್ಟೋಬರ್ 10ರಂದು ಜನಮತ ಕೇಳಲಾಯಿತು. ಮತಕ್ಷೇತ್ರದಲ್ಲಿ ಸುಮಾರು ನೂರಕ್ಕೆ 70 ಮಂದಿ ಸ್ಲೊವೇನ್ ಆಡುವವರು. ಆದರೂ ನೂರಕ್ಕೆ 59 ಮತ ಆಸ್ಟ್ರಿಯಾಕ್ಕೆ ಬಿತ್ತು. ಆ ಜನಕ್ಕೆ ಸಂತೆ ಕ್ಲಾಗೆನ್‌ಫುರ್ಟ್‌ನಲ್ಲಿತ್ತು. ನಡುವೆ ಹೊಸ ಗಡಿ ಬರುವುದು ಬೇಡವಾಗಿತ್ತು. ಒಂದೆಡೆ ಹೊಸ ಗಣರಾಜ್ಯ, ಇನ್ನೊಂದೆಡೆ ದೂರದ ಬೆಲ್‌ಗ್ರೇಡಿನ ರಾಜ ಮತ್ತು ಅವನ ಸೈನ್ಯದ ಕಡ್ಡಾಯ ಸೇವೆ. ಪಟ್ಟಾಭಿಷೇಕದ ಕಲ್ಲಿದ್ದ ನಾಡು, ಮೊಹೊರ್ ಸಂಘ ಹುಟ್ಟಿದ ಊರು, ಎರಡೂ ಹೀಗೆ ಹೋದವು. ಆಮೇಲೆ ಕರಿಂಥಿಯಾದಲ್ಲಿ, ಜರ್ಮನ್ನರೊಡನೆ ಹೊಂದಿಕೊಂಡ ಸ್ಲೊವೇನ್ ಭಾಷಿಕರು ಸ್ಲೊವೇನರೇ ಅಲ್ಲ, ವಿಂಡಿಶ್ ಎಂಬ ಬೇರೆಯೇ ಜನ ಎಂಬ ಸಿದ್ಧಾಂತ ಹುಟ್ಟಿತು. 1955ರ ಒಪ್ಪಂದ ದ್ವಿಭಾಷಾ ಫಲಕಗಳ ಭರವಸೆ ಕೊಟ್ಟಿದ್ದರೂ 1972ರಲ್ಲಿ ಅವನ್ನು ಹಾಕಿದೊಡನೆ ಗುಂಪುಗಳು ಬಂದು ಕಿತ್ತೊಗೆದವು. 164 ಊರುಗಳಿಗೆ ಫಲಕ ಹಾಕುವ ರಾಜಿಯಾದದ್ದು 2011ರಲ್ಲಿ.

ಪಶ್ಚಿಮದಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. 1920ರ ಜುಲೈ 13ರಂದು ತ್ರಿಯೆಸ್ತ್‌ನ ಸ್ಲೊವೇನ್ ಸಂಸ್ಕೃತಿ ಭವನಕ್ಕೆ ಫ್ಯಾಸಿಸ್ಟರು ಬೆಂಕಿಯಿಟ್ಟರು. ಇನ್ನೂ ಏಳು ತುಂಬದ ಬೋರಿಸ್ ಪಾಹೋರ್ ಅದನ್ನು ಕಣ್ಣಾರೆ ಕಂಡು, ಮುಂದೆ ಲೇಖಕನಾಗಿ ಅದನ್ನು ಮರೆಯಲಿಲ್ಲ. ಇಟಲಿಗೆ ಸೇರಿದ ಭಾಗದಲ್ಲಿ ಸ್ಲೊವೇನ್ ಶಾಲೆಗಳು ಮುಚ್ಚಿದವು, ಮನೆತನದ ಹೆಸರುಗಳನ್ನೂ ಇಟಾಲಿಯನ್‌ಗೆ ತಿರುಗಿಸಿದರು.  

ಹಾಗಾದರೆ ಯುಗೊಸ್ಲಾವಿಯಾದ ಸೋದರಿಕೆ ಏನು ಕೊಟ್ಟಿತು? ಲೇಖಕ ಇವಾನ್ ತ್ಸಾಂಕರ್ 1913ರಲ್ಲೇ ಲ್ಯುಬ್ಲ್ಯಾನಾದ ಭಾಷಣವೊಂದರಲ್ಲಿ ಅದರ ಮಿತಿ ಹೇಳಿದ್ದ. ದಕ್ಷಿಣ ಸ್ಲಾವರು ರಾಜಕೀಯವಾಗಿ ಒಂದಾಗಲಿ, ಆದರೆ ಸಂಸ್ಕೃತಿ ಒಂದೇ ಎನ್ನುವುದು ಸುಳ್ಳು. ಶತಮಾನಗಳ ಬೇರೆ ಬೇರೆ ಪಾಲನೆಯಿಂದ ಸ್ಲೊವೇನ್ ರೈತನಿಗೆ ಸರ್ಬಿಯನ್ನನಿಗಿಂತ ಪಕ್ಕದ ಟಿರೋಲ್ ರೈತನೇ ಹತ್ತಿರದವನು ಎಂಬುದು ಅವನ ವಾದದ ತಿರುಳು. ಭಾಷಣಕ್ಕಾಗಿ ಆಸ್ಟ್ರಿಯಾ ಅವನನ್ನು ಒಂದು ವಾರ ಜೈಲಿಗೆ ಹಾಕಿತು. ಹೊಸ ರಾಜ್ಯ ಅವನ ಅನುಮಾನವನ್ನೂ ನಿಜ ಮಾಡಿತು, ಆಸೆಯನ್ನೂ ಒಂದಷ್ಟು ಈಡೇರಿಸಿತು. ಆಸ್ಟ್ರಿಯಾ ಎಂದೂ ಕೊಡದ ವಿಶ್ವವಿದ್ಯಾಲಯ 1919ರಲ್ಲೇ ಲ್ಯುಬ್ಲ್ಯಾನಾಕ್ಕೆ ಬಂತು. ಆದರೆ 1921ರ ಸಂವಿಧಾನ ಸರ್ಬೋ-ಕ್ರೊಯೇಟೋ-ಸ್ಲೊವೇನ್ ಎಂಬ, ಯಾರೂ ಆಡದ ಒಂದು ಭಾಷೆಯನ್ನು ಅಧಿಕೃತವೆಂದಿತು. 1929ರಲ್ಲಿ ನಾಡಿಗೆ ನದಿಯ ಹೆಸರಿಟ್ಟು ದ್ರಾವಾ ಪ್ರಾಂತ್ಯ ಎಂದರು. ಟಿಟೊ ಕಾಲದಲ್ಲಿ ಸ್ಲೊವೇನಿಯಾ ಗಣರಾಜ್ಯವಾಯಿತು, ಅತಿ ಶ್ರೀಮಂತ ಗಣರಾಜ್ಯವೂ ಆಯಿತು. ಸೈನ್ಯದ ಭಾಷೆ ಮಾತ್ರ ಸರ್ಬೋ-ಕ್ರೊಯೇಷಿಯನ್ ಆಗಿಯೇ ಉಳಿಯಿತು. 1988ರಲ್ಲಿ ‘ಮ್ಲಾದಿನಾ’ ಪತ್ರಿಕೆಯ ಬಳಗದ ಮೂವರು ಮತ್ತು ಒಬ್ಬ ಸೈನಿಕನ ಮೇಲೆ ಮಿಲಿಟರಿ ನ್ಯಾಯಾಲಯ ವಿಚಾರಣೆ ನಡೆಸಿತು. ಲ್ಯುಬ್ಲ್ಯಾನಾದ ಒಳಗೇ, ಸ್ಲೊವೇನ್ ಬಿಟ್ಟು ಸರ್ಬೋ-ಕ್ರೊಯೇಷಿಯನ್‌ನಲ್ಲಿ. ಬೀದಿ ತುಂಬಿತು. ಬೇರೆ ಗಣರಾಜ್ಯಗಳಿಗೆ ಹಣ ಹರಿದುಹೋಗುತ್ತಿದೆ ಎಂಬ ಅಸಮಾಧಾನವೂ ಆ ಸಿಟ್ಟಿನಲ್ಲಿ ಸೇರಿತ್ತು. ಎಲ್ಲವನ್ನೂ ಭಾಷಾಭಿಮಾನದ ಲೆಕ್ಕಕ್ಕೆ ಬರೆಯುವುದು ಪ್ರಾಮಾಣಿಕವಲ್ಲ. 1991ರ ಜೂನ್ 25ರಂದು ಸ್ವಾತಂತ್ರ್ಯ ಘೋಷಣೆ, ಹತ್ತು ದಿನಗಳ ಯುದ್ಧ, ಆಮೇಲೆ ಬಿಡುಗಡೆ.

ಇನ್ನೊಬ್ಬರೊಳಗೆ ಕರಗಲಾರೆವೆಂದು ಇಷ್ಟು ಕಾಲ ಹಟ ಹಿಡಿದವರು ಅಧಿಕಾರ ಕೈಗೆ ಬಂದಾಗ ಹೇಗೆ ನಡೆದುಕೊಂಡರು? ಬೇರೆ ಗಣರಾಜ್ಯಗಳಿಂದ ಗಣಿ ಕಾರ್ಖಾನೆಗಳಿಗೆ ಬಂದು ನೆಲೆಸಿದ್ದ 1 ಲಕ್ಷ 70 ಸಾವಿರದಷ್ಟು ಜನಕ್ಕೆ ಪೌರತ್ವ ಸಿಕ್ಕಿತು. ಇದು ಸಣ್ಣ ಔದಾರ್ಯವಲ್ಲ. ಆದರೆ ಆರು ತಿಂಗಳೊಳಗೆ ಅರ್ಜಿ ಹಾಕದಿದ್ದವರನ್ನೂ ಅರ್ಜಿ ತಿರಸ್ಕೃತವಾದವರನ್ನೂ, ಒಟ್ಟು 25 ಸಾವಿರಕ್ಕೂ ಹೆಚ್ಚು ಮಂದಿಯನ್ನು, 1992ರ ಫೆಬ್ರವರಿ 26ರಂದು ಶಾಶ್ವತ ನಿವಾಸಿಗಳ ದಾಖಲೆಯಿಂದ ಸದ್ದಿಲ್ಲದೆ ತೆಗೆದುಹಾಕಲಾಯಿತು. ಅನೇಕರಿಗೆ ಅದು ತಿಳಿದದ್ದು ಕಚೇರಿಯ ಕಿಟಕಿಯಲ್ಲಿ ಗುರುತಿನ ಚೀಟಿ ತೋರಿಸಿದಾಗ. ಕೆಲಸ, ಪಿಂಚಣಿ, ಚಿಕಿತ್ಸೆ ಎಲ್ಲಕ್ಕೂ ಕತ್ತರಿ ಬಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ದೇಶವನ್ನು ತಪ್ಪಿತಸ್ಥನೆಂದಿತು. ಅಧ್ಯಕ್ಷ ಬೋರುತ್ ಪಾಹೋರ್ ಕ್ಷಮೆ ಕೇಳಿದ್ದು 2022ರಲ್ಲಿ. ಸಂಸತ್ತಿನ 90 ಸ್ಥಾನಗಳಲ್ಲಿ ಪುಟ್ಟ ಇಟಾಲಿಯನ್, ಹಂಗೇರಿಯನ್ ಸಮುದಾಯಗಳಿಗೆ ಒಂದೊಂದು ಮೀಸಲು. ಅವರಿಗಿಂತ ಎಷ್ಟೋ ದೊಡ್ಡದಾದ ಬೋಸ್ನಿಯನ್, ಸರ್ಬ್, ಕ್ರೊಯೇಟ್ ಸಮುದಾಯಗಳಿಗೆ ಅಂಥ ಮಾನ್ಯತೆ ಇಲ್ಲ. ಪರಕೀಯರಿಗೆ ಜಾಗ ಕೊಟ್ಟು ದಾಯಾದಿಗಳನ್ನು ಹೊರಗಿಟ್ಟದ್ದು ಹಳೆಯ ಅಂಜಿಕೆಯ ಫಲವೆಂದು ನಾನು ಓದುತ್ತೇನೆ. ನುಂಗಿಬಿಡಬಹುದೆಂದು ಹೆದರಿದ ಕೈಯೇ ಈಗ ನೆರೆಮನೆಯ ಕೂಲಿಯಾಗಿ ಬಂದಿದೆ, ಹೆದರಿಕೆ ಮಾತ್ರ ಹೋಗಿಲ್ಲ.

ಆ ವಲಸೆಗಾರರ ಮಕ್ಕಳು ಈಗ ಬರೆಯುತ್ತಿದ್ದಾರೆ. ಲ್ಯುಬ್ಲ್ಯಾನಾದ ಫುಜಿನೆ ಬಡಾವಣೆಯ ಎತ್ತರದ ವಸತಿ ಕಟ್ಟಡಗಳ ನಡುವೆ ಬೆಳೆಯುವ ಹುಡುಗನ ಬಾಯಲ್ಲಿ, ಸ್ಲೊವೇನ್‌ಗೆ ಬೋಸ್ನಿಯನ್ ಬೆರೆತ ಒರಟು ಮಾತಿನಲ್ಲೇ ಗೊರಾನ್ ವೊಯ್ನೊವಿಚ್ ಬರೆದ ಕಾದಂಬರಿ 2008ರಲ್ಲಿ ಬಂತು. ಪೊಲೀಸರನ್ನು ಅವಮಾನಿಸಿದೆಯೆಂದು ಇಲಾಖೆ ಲೇಖಕನ ಮೇಲೆ ವಿಚಾರಣೆಗೆ ಹೊರಟು, ಗದ್ದಲವೆದ್ದ ಮೇಲೆ ಹಿಂದೆ ಸರಿಯಿತು. 2009ರಲ್ಲಿ ಆ ಪುಸ್ತಕಕ್ಕೆ ಪ್ರೆಶೆರೆನ್ ನಿಧಿಯ ಪ್ರಶಸ್ತಿ ಬಂತು.